ಮೊದಲ ಸಲ ಬೆಕ್ಕು ಸಾಕುವವರಿಗೆ ಯಾವ ತಳಿ?

ಪರ್ಷಿಯನ್, ಸಯಾಮೀಸ್, ಸ್ಕಾಟಿಷ್ ಫೋಲ್ಡ್, ಈ ಮೂರರಲ್ಲಿ ಯಾವುದನ್ನು ತಂದರೆ ಅದರ ಮನಸ್ಸು ನಮಗೆ ಬೇಗ ತಿಳಿಯುತ್ತದೆ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಮೂರೂ ಬೇಡ, ಒಂದು ಊರ ಬೆಕ್ಕಿನ ಮರಿ ತನ್ನಿ.

ಬೆಕ್ಕು ಬಾಯಿಗಿಂತ ಜಾಸ್ತಿ ಮಾತಾಡುವುದು ಬಾಲ ಮತ್ತು ಕಿವಿಯಲ್ಲಿ. ನಮ್ಮ ಮನೆಯ ಬೂದು ಬೆಕ್ಕನ್ನೇ ನೋಡಿ. ಗೇಟಿನ ಸದ್ದು ಕೇಳಿದರೆ ಸಾಕು, ಬಾಲ ನೆಟ್ಟಗೆ ಎತ್ತಿ, ತುದಿ ಮಾತ್ರ ಬಗ್ಗಿಸಿ ಎದುರಿಗೆ ಬರುತ್ತದೆ. ಅದು ಪ್ರೀತಿ. ತಲೆ ಸವರುತ್ತಾ ಸವರುತ್ತಾ ಸ್ವಲ್ಪ ಹೊತ್ತಾದ ಮೇಲೆ ಕಿವಿಗಳು ಪಕ್ಕಕ್ಕೆ ತಿರುಗುತ್ತವೆ, ಬಾಲದ ತುದಿ ನೆಲಕ್ಕೆ ಪಟಪಟ ಬಡಿಯುತ್ತದೆ. ಆಗಲೇ ಕೈ ತೆಗೆಯಬೇಕು, ಇಲ್ಲದಿದ್ದರೆ ಪರಚುತ್ತದೆ. ಹೊಟ್ಟೆ ಮೇಲೆ ಮಾಡಿ ಮಲಗಿತು ಅಂದರೆ ಮುಟ್ಟು ಅಂತಲ್ಲ, ನಿಮ್ಮ ಮೇಲೆ ನಂಬಿಕೆ ಇದೆ ಅಂತ ಅಷ್ಟೇ.

ಈಗ ಸ್ಕಾಟಿಷ್ ಫೋಲ್ಡ್ ವಿಷಯಕ್ಕೆ ಬನ್ನಿ. ಈ ತಳಿ ಶುರುವಾದದ್ದು 1961ರಲ್ಲಿ ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ಕಂಡ ಸೂಸಿ ಎಂಬ ಬಿಳಿ ಬೆಕ್ಕಿನಿಂದ. ಕಿವಿ ಮಡಚಿಯೇ ಇರುವುದರಿಂದ ಅದರ ಕಿವಿ ಹೇಳುವುದು ಸರಿಯಾಗಿ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇದೆ. ಕಿವಿ ಮಡಚುವ ಆ ಜೀನ್ ಮೈಯ ಮೃದು ಎಲುಬನ್ನೆಲ್ಲ ಕೆಡಿಸುತ್ತದೆ, ಕೀಲುಗಳು ಊದಿ ನೋಯುತ್ತವೆ. ಮುದ್ದಾಗಿ ಕಾಣುತ್ತದೆ ಅಂತ ಇಂಥ ನೋವನ್ನು ದುಡ್ಡು ಕೊಟ್ಟು ತರಬೇಡಿ, ದಯವಿಟ್ಟು.

ಪರ್ಷಿಯನ್ ಶಾಂತ ಸ್ವಭಾವದ್ದು, ನಿಜ. ಆದರೆ ಮುಖ ಚಪ್ಪಟೆ ಆದಷ್ಟೂ ಉಸಿರಾಟ ಕಷ್ಟ, ಕಣ್ಣಲ್ಲಿ ನೀರು ಸೋರುತ್ತಿರುತ್ತದೆ. ಖುಷಿಯಲ್ಲಿದೆಯಾ, ನೋವಲ್ಲಿದೆಯಾ ಅಂತ ಆ ಮುಖ ನೋಡಿ ಹೇಳುವುದೂ ಕಷ್ಟ. ದಿನಾ ಕೂದಲು ಬಾಚಬೇಕು.

ಸಯಾಮೀಸ್ ದೊಡ್ಡ ಗಂಟಲಿನ ಮಾತುಗಾರ. ಮನೆಯಲ್ಲಿ ಇಡೀ ದಿನ ಯಾರೂ ಇರುವುದಿಲ್ಲ ಅಂದರೆ ಅದನ್ನು ತರಬೇಡಿ, ಒಂಟಿತನ ಅದಕ್ಕೆ ಆಗಿಬರುವುದಿಲ್ಲ.

ಮಿಯಾಂವ್ ಬಗ್ಗೆಯೂ ಹೇಳಿಬಿಡುತ್ತೇನೆ. ಮರಿಗಳು ತಾಯಿಯನ್ನು ಹಾಗೆ ಕರೆಯುತ್ತವೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹಾಗೆ ಕೂಗುವುದು ಅಪರೂಪ, ಆ ಕೂಗು ಹೆಚ್ಚಾಗಿ ನಮಗಾಗಿಯೇ. ಹಸಿವಾದಾಗ ಗುರ್‌ಗುರ್ ಸದ್ದಿನೊಳಗೆ ಸಣ್ಣ ಅಳು ಸೇರಿಸುತ್ತವೆ ಅಂತ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ತೋರಿಸಿದರು. ಸುಮ್ನೆ ಕೂರಲು ಬಿಡುವುದಿಲ್ಲ ಅಲ್ವಾ ಆ ಸದ್ದು! ಅದೇ ವಿಶ್ವವಿದ್ಯಾಲಯದ 2020ರ ಅಧ್ಯಯನವನ್ನು ನೀವೂ ಮಾಡಿ ನೋಡಬಹುದು. ಬೆಕ್ಕಿನ ಕಡೆ ನೋಡಿ ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆಯಿರಿ. ಎಷ್ಟೋ ಬೆಕ್ಕುಗಳು ತಿರುಗಿ ಹಾಗೇ ಮಾಡುತ್ತವೆ, ಹೊಸಬರ ಹತ್ತಿರವೂ ಬರುತ್ತವೆ.

ಮರಿ ತರುವಾಗ ಅದಕ್ಕೆ ಎಂಟು ವಾರವಾದರೂ ತುಂಬಿರಲಿ, ಹನ್ನೆರಡಾದರೆ ಇನ್ನೂ ಒಳ್ಳೆಯದು. ಎರಡರಿಂದ ಏಳನೇ ವಾರದೊಳಗೆ ಜನರ ಕೈಯಲ್ಲಿ ಆಡಿ ಬೆಳೆದಿದೆಯಾ ಅಂತ ತಪ್ಪದೆ ಕೇಳಿ. ಆ ವಯಸ್ಸಿನಲ್ಲಿ ಮನುಷ್ಯರ ಒಡನಾಟ ಸಿಗದ ಮರಿ ಮುಂದೆ ಯಾರನ್ನೂ ಸುಲಭಕ್ಕೆ ಹತ್ತಿರ ಸೇರಿಸುವುದಿಲ್ಲ.