ಕುಸುಬೆಯನ್ನು ಕೇಸರಿ ಮಾಡಿದವರಿಗೆ

ಆತ್ಮೀಯರೆ,

ಗರ್ಭಿಣಿಯರು ಮತ್ತು ಚೀನೀ ಮೂಲಿಕೆ ಚಹಾಗಳ ಕುರಿತು ನೀವು ಕಳಿಸಿದ ಲೇಖನ ತಲುಪಿತು. ಚೀನಾದ ಗುವಾಂಗ್‌ಝೌ ನಗರದ ಲಿಯಾಂಗ್‌ಚಾ, ಅಂದರೆ ಮೂಲಿಕೆ ಚಹಾದ ಅಂಗಡಿ, ಸೋರೆಬುರುಡೆಯಂಥ ಹಿತ್ತಾಳೆ ಹಂಡೆ, ಬಟ್ಟಲಲ್ಲಿ ಹಬೆಯಾಡುವ ಕಪ್ಪು ಕಷಾಯ ಚೆನ್ನಾಗಿ ಬಂದಿವೆ. ಹೊಗಳಿಕೆ ಇಷ್ಟು ಸಾಕು. ಎರಡನೆಯ ಪುಟ ಓದುವಾಗ ನನಗೆ ಸಿಟ್ಟು ಬಂತು. ಈ ಪತ್ರ ಅದರ ಬಗ್ಗೆ.

ನಿಮ್ಮ ಸಾಲು: “ಹೊಂಗ್‌ಹುವಾ ಎಂದರೆ ನಮ್ಮ ಕೇಸರಿಯೇ, ಹಾಲಿಗೆ ಹಾಕಿ ಕುಡಿಯುವ ಬಸುರಿ ಚಹಾಕ್ಕೂ ಹಾಕಿಕೊಳ್ಳಬಹುದು.” ಅಲ್ಲ ಸ್ವಾಮಿ. ಹೊಂಗ್‌ಹುವಾ ಎಂದರೆ ಕುಸುಬೆಯ ಹೂವು. ಕೇಸರಿಗೆ ಚೀನೀಯರು ಹೇಳುವುದು ಜಾಂಗ್‌ಹೊಂಗ್‌ಹುವಾ, ಅಂದರೆ ಟಿಬೆಟ್ಟಿನ ಕೆಂಪು ಹೂವು. ನೀವು ವಿಜಯಪುರದ ಕಡೆಯವರೆಂದು ಬರೆದುಕೊಂಡಿದ್ದೀರಿ. ಜೋಳದ ಹೊಲಕ್ಕೆ ದನ ನುಗ್ಗದಿರಲೆಂದು ಅಂಚಿನಲ್ಲಿ ಬಿತ್ತುವ ಆ ಮುಳ್ಳುಗಿಡವನ್ನು ನೋಡುತ್ತಲೇ ಬೆಳೆದವರು! ನಾವು ಅದರ ಬೀಜದಿಂದ ಎಣ್ಣೆ ತೆಗೆಯುತ್ತೇವೆ. ಚೀನೀ ವೈದ್ಯರು ನಿಂತ ಮುಟ್ಟು ಬರಲೆಂದು ಅದರ ಹೂವನ್ನು ಕೊಡುತ್ತಾರೆ. ಚೀನಾದ ಅಧಿಕೃತ ಔಷಧಕೋಶ ಅದಕ್ಕೆ 3ರಿಂದ 10 ಗ್ರಾಂ ಪ್ರಮಾಣ ಹೇಳಿ, ಗರ್ಭಿಣಿಯರ ವಿಷಯದಲ್ಲಿ ಎಚ್ಚರ ಎನ್ನುತ್ತದೆ. ಕೇಸರಿಗೂ ಅಲ್ಲಿ ಅದೇ ಎಚ್ಚರಿಕೆ. ಹೀಗಾಗಿ ಯಾವ ಕಡೆಯಿಂದ ಓದಿದರೂ ನಿಮ್ಮ ಸಾಲು ನಿಲ್ಲುವುದಿಲ್ಲ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಪತ್ರಿಕೆಯೊಂದರ ಡೆಸ್ಕಿಗೆ ಸೇರಿದ ಹೊಸತರಲ್ಲಿ ನನಗೆ ಮನೆಮದ್ದಿನ ಅಂಕಣ ತಿದ್ದುವ ಕೆಲಸ. ಇಂಗ್ಲಿಷಿನ ಆಲೋವೆರಾ ಇದ್ದಲ್ಲೆಲ್ಲ ‘ಕತ್ತಾಳೆ’ ಎಂದು ಹಾಕಿದೆ. ನಮ್ಮೂರಿನಲ್ಲಿ ಲೋಳೆಸರಕ್ಕೂ ಹಾಗೆಯೇ ಹೇಳುತ್ತಿದ್ದರು. ಮೂರನೆಯ ದಿನ ಹಿರಿಯರೊಬ್ಬರು ಕಚೇರಿಗೆ ಬಂದರು. ಟವೆಲಿನಲ್ಲಿ ಸುತ್ತಿ ತಂದಿದ್ದ ಬೇಲಿ ಕತ್ತಾಳೆಯ ತುಂಡನ್ನು ನನ್ನ ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ, ಮೊಣಕೈವರೆಗೆ ಕೆಂಪಗೆ ಗುಳ್ಳೆ ಎದ್ದಿದ್ದ ತಮ್ಮ ಕೈಯನ್ನೂ ಇಟ್ಟರು. “ನೀವು ಬರೆದದ್ದು ಇದೇ ತಾನೆ?” ಎಂದು ಕೇಳಿದರು. ಬೈಯಲೂ ಇಲ್ಲ. ನಮ್ಮ ಹಿರಿಯ ಉಪಸಂಪಾದಕರು ಅವರಿಗೆ ಚಹಾ ತರಿಸಿದರು. ನನಗೆ ಮಾತ್ರ, ಗಿಡದ ಹೆಸರು ಬಂದ ಪ್ರತಿ ಸಾಲಿನ ಅಂಚಿನಲ್ಲಿ ಅದರ ಲ್ಯಾಟಿನ್ ಹೆಸರನ್ನೂ, ಬೇರೋ ಎಲೆಯೋ ಹೂವೋ ಎಂಬುದನ್ನೂ ಬರೆಯದೆ ಪುಟ ಬಿಡಕೂಡದೆಂದು ಅಪ್ಪಣೆಯಾಯಿತು. ಎಂಟು ತಿಂಗಳು ಹಾಗೆ ಬರೆದೆ.

ನಿಮ್ಮ ಇನ್ನೊಂದು ಸಾಲು: “ಕಾಲು ಬಾತವರಿಗೆ ಯಿಯಿರೆನ್, ಅಂದರೆ ಬಾರ್ಲಿ, ಕುದಿಸಿ ಕೊಡುತ್ತಾರೆ. ಸಾವಿರಾರು ವರ್ಷಗಳ ಪರಂಪರೆಯಾದ್ದರಿಂದ ಅಡ್ಡಪರಿಣಾಮವಿಲ್ಲ.” ಪೊಟ್ಟಣದ ಮೇಲೆ ‘ಚೈನೀಸ್ ಪರ್ಲ್ ಬಾರ್ಲಿ’ ಎಂದಿದ್ದದ್ದನ್ನು ನಂಬಿದ್ದೀರಿ. ಎರಡನ್ನೂ ಒಂದೇ ತಟ್ಟೆಗೆ ಸುರಿದು ನೋಡಿ: ಯಿಯಿರೆನ್ ಬಾರ್ಲಿಗಿಂತ ದಪ್ಪ, ಗುಂಡು, ಮಧ್ಯದಲ್ಲಿ ಅಗಲವಾದ ಕಂದು ಸೀಳು. ಅದು ಬೇರೆಯೇ ಹುಲ್ಲಿನ ಬೀಜ. ನಮ್ಮ ಮನೆಗಳಲ್ಲಿ ಬಸುರಿಗೆ ಬಾರ್ಲಿ ನೀರು ಕೊಡುವುದುಂಟು. ನಿಮ್ಮ ಲೇಖನ ಓದಿದವಳು ಅದನ್ನೂ ಇದನ್ನೂ ಒಂದೇ ಎಂದುಕೊಳ್ಳುತ್ತಾಳೆ. ಇನ್ನು ಪರಂಪರೆಯ ಮಾತು. 1237ರಷ್ಟು ಹಿಂದೆಯೇ ಚೆನ್ ಝಿಮಿಂಗ್ ಎಂಬ ವೈದ್ಯರು ತಮ್ಮ ಸ್ತ್ರೀವೈದ್ಯ ಗ್ರಂಥದಲ್ಲಿ, ಬಸುರಿಗೆ ಕೊಡಬಾರದ ಮದ್ದುಗಳ ಪಟ್ಟಿಯನ್ನು ಪದ್ಯವಾಗಿ ಕೊಟ್ಟಿದ್ದಾರೆ. ಅದರಲ್ಲಿ ಪಾದರಸವಿದೆ, ಶತಪದಿಯಿದೆ, ನಿಮ್ಮ ‘ಬಾರ್ಲಿ’ಯೂ ಇದೆ. ನೀವು ಸಾಕ್ಷಿಗೆ ಕರೆದ ಪರಂಪರೆ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತಿದೆ.

ತಿದ್ದಿ ಕಳಿಸಿ. ಪ್ರತಿ ಗಿಡದ ಪಕ್ಕ ಚೀನೀ ಹೆಸರು, ಲ್ಯಾಟಿನ್ ಹೆಸರು, ಯಾವ ಭಾಗ, ಎಷ್ಟು ಗ್ರಾಂ ಎಂಬುದಿರಲಿ. ವೈದ್ಯರನ್ನು ಕೇಳದೆ ಕುಡಿಯಬೇಡಿ ಎಂಬ ಸಾಲನ್ನು ಕೊನೆಯ ಪ್ಯಾರಾದಲ್ಲಿ ಅಡಗಿಸಿದ್ದೀರಿ; ಅದನ್ನು ಮೊದಲಿಗೆ ತನ್ನಿ. ‘ಮಿತವಾಗಿ’ ಎಂಬ ಪದ ಐದು ಕಡೆ ಇತ್ತು, ಐದನ್ನೂ ಹೊಡೆದುಹಾಕಿದ್ದೇನೆ. ಹಿತ್ತಾಳೆ ಹಂಡೆಯನ್ನು ಮುಟ್ಟಬೇಡಿ.