ತೇವದ ಹವೆಯಲ್ಲಿ ಗಾಂಜಾ ಹೂವು ಒಳಗಿಂದ ಕೊಳೆಯುವುದೇಕೆ?

ಹೂಗೊಂಚಲು ತುಂಬಾ ಒತ್ತಾಗಿರುವುದೇ ಕಾರಣ. ಒಳಗೆ ಸೇರಿದ ತೇವ ಆರುವುದಿಲ್ಲ, ಅಲ್ಲಿ ಬೂಷ್ಟು ಹಿಡಿಯುತ್ತದೆ. ಅಮಲು ಜಾಸ್ತಿ ಇರುವ ತಳಿಯಲ್ಲಿ ಹೂವಿನ ಅಂಟೂ ಜಾಸ್ತಿ, ಅದೇ ಕಾಪಾಡುತ್ತದೆ ಅಂತ ಕೆಲವರು ನಂಬುತ್ತಾರೆ. ಅಂಟು ಇದ್ದರೂ ಕೊಳೆ ಬರುತ್ತದೆ.

ಕೊಳೆಸುವುದು ಬೊಟ್ರೈಟಿಸ್ ಎಂಬ ಶಿಲೀಂಧ್ರ, ಅಂದರೆ ಒಂದು ಜಾತಿಯ ಬೂಷ್ಟು. ದ್ರಾಕ್ಷಿ, ಸ್ಟ್ರಾಬೆರಿ, ಗುಲಾಬಿಗೂ ಇದೇ ಕಾಟ. ಇದರ ಕಣಗಳು ಗಾಳಿಯಲ್ಲಿ ಹಾರಾಡುತ್ತಲೇ ಇರುತ್ತವೆ, ಮೊಳೆಯಲು ತೆಳುವಾದ ನೀರಿನ ಪದರ ಸಾಕು. ರಾತ್ರಿ ತಂಪಾದಾಗ ಇಬ್ಬನಿ ಕೂರುತ್ತದೆ, ಬೆಳಗ್ಗೆ ಬಿಸಿಲಿಗೆ ಹೊರಮೈ ಒಣಗುತ್ತದೆ, ಆದರೆ ಗಾಳಿಯೇ ಆಡದ ಗೊಂಚಲಿನ ನಡುವೆ ಎಷ್ಟೋ ಹೊತ್ತು ಒದ್ದೆ ಹಾಗೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ಮಧ್ಯದ ಒಂದೇ ಒಂದು ಎಲೆ ಒಣಗಿ, ಮುಟ್ಟಿದರೆ ಕಿತ್ತು ಬರುತ್ತದೆ. ಗೊಂಚಲು ಬಿಡಿಸಿದರೆ ಒಳಗೆಲ್ಲ ಕಂದು, ಬೂದು ಧೂಳು ಏಳುತ್ತದೆ.

ಹಿಂದೂಕುಷ್‌ನಂಥ ಒಣ ಬೆಟ್ಟಗಳಿಂದ ಬಂದ ತಳಿಗಳ ಹೂವು ಗಟ್ಟಿ, ಹಾಗಾಗಿ ಮಳೆ ಸೀಮೆಯಲ್ಲಿ ಬೇಗ ಸೋಲುತ್ತವೆ. ತೇವದ ಉಷ್ಣವಲಯದ ಸಪೂರ ಎಲೆಯ ತಳಿಗಳ ಹೂವು ಸಡಿಲ, ಗಾಳಿ ಒಳಗೆ ಹಾಯುತ್ತದೆ, ಬೇಗ ಆರುತ್ತದೆ. ಅಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಅಮಲಲ್ಲ, ಹೂವಿನ ಕಟ್ಟು.

ಬೂಷ್ಟು ಹಿಡಿದದ್ದನ್ನು ಒಣಗಿಸಿದರೂ ಸರಿಹೋಗುವುದಿಲ್ಲ, ಕಣಗಳು ಅದರಲ್ಲೇ ಇರುತ್ತವೆ. ಅದರ ಹೊಗೆ ಎಳೆದರೆ ಶ್ವಾಸಕೋಶಕ್ಕೆ ಅಪಾಯ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗಂತೂ ಇನ್ನೂ ಜಾಸ್ತಿ. ಇನ್ನು ಗಾಂಜಾ ಬೆಳೆಯುವುದು ಎಷ್ಟೋ ದೇಶಗಳಲ್ಲಿ ಅಪರಾಧ, ಅದೂ ಗೊತ್ತಿರಲಿ.