ಜನನ ಪತ್ರದಲ್ಲಿ ಹಳೆಯ ಹೆಸರು, ಆಧಾರ್‌ನಲ್ಲಿ ಹೊಸದು

ದತ್ತು ಮಗಳ ಪಾಸ್‌ಪೋರ್ಟ್ ಅರ್ಜಿ ಯಾಕೆ ಮುಂದೆ ಹೋಗುತ್ತಿಲ್ಲ ಅಂತ ಕೇಳಿದ್ದೀರಿ. ಅದು ತಡೆದಿರುವುದು ಬಹುಶಃ ಜನನ ಪತ್ರದಿಂದಲೇ. ಅದರಲ್ಲಿ ಇನ್ನೂ ದತ್ತು ಸಂಸ್ಥೆಯವರು ಇಟ್ಟ ಹೆಸರಿದೆ ಅಂದಿರಿ, ಅಲ್ವಾ? ಸುಮ್ನೆ ಅಫಿಡವಿಟ್ ಹಿಡಿದು ಅಲೆಯಬೇಡಿ.

ಮೊದಲು ದತ್ತು ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್ ನಂತರದ್ದಾದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಆದೇಶ, ಅದಕ್ಕಿಂತ ಹಳೆಯದಾದರೆ ಕೋರ್ಟಿನದ್ದು. ನಿಮ್ಮದು ಯಾವುದು ಅಂತ ಸೀಲು ನೋಡಿದರೆ ತಿಳಿಯುತ್ತದೆ. ಆಮೇಲೆ ಅದನ್ನು ಜನನ ನೋಂದಣಾಧಿಕಾರಿಗೆ ಕೊಟ್ಟು, ನಿಮ್ಮಿಬ್ಬರನ್ನೂ ತಂದೆ ತಾಯಿ ಎಂದು ನಮೂದಿಸಿದ ಹೊಸ ಜನನ ಪತ್ರ ಕೇಳಿ. ಹುಟ್ಟಿದ ದಿನಾಂಕ ಆದೇಶದಲ್ಲಿ ಇದ್ದ ಹಾಗೇ ಬರಬೇಕು.

ಪತ್ರ ಕೈಗೆ ಬಂದ ಕೂಡಲೇ ಕೌಂಟರಿನಲ್ಲೇ ಅಕ್ಷರ ಅಕ್ಷರ ಓದಿ. ನನ್ನ ಮಗನ ಪತ್ರದಲ್ಲಿ ಒಂದೇ ಒಂದು ಇನಿಷಿಯಲ್ ತಪ್ಪಿ ಮತ್ತೆ ಎರಡು ತಿಂಗಳು ಓಡಾಡಿದೆವು.

ಮಗಳ ಆಧಾರ್ ಈ ಹೊಸ ಜನನ ಪತ್ರಕ್ಕೆ ಹೊಂದುತ್ತದೆಯೇ ನೋಡಿ, ನಂತರ ಪಾಸ್‌ಪೋರ್ಟ್‌ಗೆ ಹೋಗಿ. ಆದೇಶದ ಮೂಲ ಪ್ರತಿಯನ್ನು ತೋರಿಸಿ, ಬಿಟ್ಟು ಬರಬೇಡಿ.